ಹಳೇ ಏರೋಡ್ರಮ್ ಜಾಗದಲ್ಲಿ ದೊಡ್ಡ ಬಡಾವಣೆ: ಬಳ್ಳಾರಿಯವರು ಏನಂತೀರಿ?

ಸುಧಾಕ್ರಾಸ್_ಸೂರಿ
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಸುದ್ದಿ ಅಲ್ಲ. ಯಾವ ಆದೇಶವೂ ಬಂದಿಲ್ಲ, ಸುಮ್ನೆ ಒಂದು ಚರ್ಚೆ.

ಕಂಟೋನ್ಮೆಂಟ್ ಕಡೆಯ ಹಳೇ ಏರೋಡ್ರಮ್ ನಿಮಗೆಲ್ಲ ಗೊತ್ತು. ಈಗಿನ ದೊಡ್ಡ ವಿಮಾನಗಳಿಗೆ ಅದು ಸಾಲುವುದಿಲ್ಲ. ಚಾಗನೂರು–ಸಿರಿವಾರ ಕಡೆ ಹೊಸ ನಿಲ್ದಾಣ ಬರುತ್ತದೆ ಅಂತ ವರ್ಷಗಟ್ಟಲೆ ಕೇಳುತ್ತಲೇ ಇದ್ದೇವೆ. ಅಲ್ಲಿಯವರೆಗೆ ವಿಮಾನ ಹತ್ತಬೇಕು ಅಂದರೆ ತೋರಣಗಲ್ಲಿಗೆ ಓಡಬೇಕು. ಹೊಸದು ಒಂದು ದಿನ ನಿಜವಾಗಿ ಬಂತು ಅಂತಿಟ್ಟುಕೊಳ್ಳಿ. ಆಗ ಊರಿಗೆ ಅಂಟಿಕೊಂಡೇ ಇರುವ ಈ ಖಾಲಿ ಜಾಗ ಏನಾಗಬೇಕು?

ಹೊರದೇಶಗಳಲ್ಲಿ ಹಳೇ ವಿಮಾನ ನಿಲ್ದಾಣದ ಮೇಲೆ ಪೂರ್ತಿ ಪಟ್ಟಣವನ್ನೇ ಕಟ್ಟಿದ್ದಾರೆ. ನಮ್ಮಲ್ಲೂ ಒಂದು ದೊಡ್ಡ, ನೆಟ್ಟಗಿನ ಬಡಾವಣೆ ಮಾಡಬಹುದಾ? ಮಾಡೋದಾದರೆ ಮೊದಲು ಏನು ಬರಬೇಕು? ಮನೆಯಾ, ರಸ್ತೆಯಾ, ನೀರಾ?

ಕೌಲ್‌ಬಜಾರ್_ಹುಡುಗ
ಮೊದಲು ಫ್ಲೆಕ್ಸ್ ಬರುತ್ತದೆ ಅಣ್ಣಾ. ಆಮೇಲೆ ಉಳಿದದ್ದೆಲ್ಲ.

ಪ್ಲಾಟ್_ಪರಮೇಶಿ
ಒಳ್ಳೇ ವಿಷಯ ತೆಗೆದಿದ್ದೀರಿ ಸೂರಿ ಅವರೇ. ನಾನು ಈ ವ್ಯವಹಾರದಲ್ಲಿ ಇರೋನು, ಅದಕ್ಕೆ ನೇರವಾಗಿ ಹೇಳುತ್ತೇನೆ. ಊರೊಳಗೆ ಇಷ್ಟು ದೊಡ್ಡ ಜಾಗ ಒಂದೇ ತುಂಡಾಗಿ ಬೇರೆ ಎಲ್ಲೂ ಸಿಗಲ್ಲ. ನೆಲ ಸಮತಟ್ಟು. ಮರ ಕಡಿಯೋ ಗಲಾಟೆ ಇಲ್ಲ, ಬಂಡೆ ಒಡೆಯೋ ಕೆಲಸ ಇಲ್ಲ. ಮೂವತ್ತು–ನಲವತ್ತರ ಸೈಟು ಹೊಡೆದು ಲಾಟರಿ ಎತ್ತಿದರೆ ಒಂದೇ ದಿನದಲ್ಲಿ ಖಾಲಿ. ಸರ್ಕಾರಕ್ಕೂ ದುಡ್ಡು, ಜನಕ್ಕೂ ಮನೆ.

ನೀರಗಂಟಿ
ಪರಮೇಶಿ ಅವರೇ, ನಿಮ್ಮ ಲೆಕ್ಕವನ್ನೇ ಸ್ವಲ್ಪ ಮುಂದಕ್ಕೆ ಎಳೆಯೋಣ. ಏರೋಡ್ರಮ್ ಅಳತೆ ಬಿಡಿ, ಸುಲಭಕ್ಕೆ 100 ಎಕರೆ ಅಂತ ಹಿಡಿಯಿರಿ. ಅಂದರೆ 43.56 ಲಕ್ಷ ಚದರಡಿ. ರಸ್ತೆ, ಪಾರ್ಕು, ಸಿಎ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ) ನಿವೇಶನ ಎಲ್ಲ ಬಿಟ್ಟು ಅರ್ಧದಷ್ಟು ಮಾತ್ರ ಸೈಟು ಅಂದುಕೊಳ್ಳಿ. 1,200 ಚದರಡಿಯ ಸೈಟು 1,815 ಆಗುತ್ತದೆ. ಮನೆಗೆ ನಾಲ್ಕೂವರೆ ಜನ ಅಂದರೂ ಎಂಟು ಸಾವಿರ ಜನ ದಾಟಿತು.

ಊರುಗಳಿಗೆ ನೀರು ಲೆಕ್ಕ ಹಾಕೋದು ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 11 ಲಕ್ಷ ಲೀಟರ್, ಪ್ರತಿದಿನ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 220 ಗಾಡಿ. ಇದು ಬರೀ 100 ಎಕರೆಗೆ, ಅದೂ ಒಂದೊಂದು ಸೈಟಿಗೆ ಒಂದೇ ಸಂಸಾರ ಅಂತ ಹಿಡಿದರೆ. ಬಳ್ಳಾರಿಯಲ್ಲಿ ಯಾರಾದರೂ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡದೆ ಬಿಡುತ್ತಾರಾ?

ನಾವು ಕುಡಿಯೋದು ತುಂಗಭದ್ರೆಯ ಕಾಲುವೆ ನೀರು. ಕಾಲುವೆ ಹರಿಯುವಾಗ ಅಲ್ಲಿಪುರದ ಕೆರೆ, ಮೋಕಾ ಕೆರೆ ತುಂಬಿಸಿಟ್ಟುಕೊಂಡು, ಕಾಲುವೆ ನಿಂತ ಮೇಲೆ ಅದರಲ್ಲೇ ಬೇಸಿಗೆ ಕಳೆಯಬೇಕು. ಈಗ ಇರೋ ಜನಕ್ಕೇ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು.

ಗಾಂಧಿನಗರ_ಗೀತಾ
ನಮ್ಮ ಬೀದಿಗೆ ಬಂದು ಒಂದು ವಾರ ಆಯಿತು. ಇವತ್ತು ಬರುತ್ತದೆ ಅಂತ ಸಂಪಿನ ಮುಚ್ಚಳ ತೆಗೆದಿಟ್ಟು ಕೂತಿದ್ದೇನೆ. ನೀವು ನೋಡಿದರೆ ಇನ್ನೂ ಎಂಟು ಸಾವಿರ ಜನ ಅಂತೀರಿ.

ಪ್ಲಾಟ್_ಪರಮೇಶಿ
ಗೀತಕ್ಕಾ, ಆ ಎಂಟು ಸಾವಿರ ಜನ ಆಕಾಶದಿಂದ ಇಳಿಯಲ್ಲ. ಈಗಲೂ ಇದೇ ಊರಲ್ಲಿ ಬಾಡಿಗೆಗೆ ಇದ್ದಾರೆ, ಇದೇ ನೀರು ಕುಡಿಯುತ್ತಿದ್ದಾರೆ.

ನೀರಗಂಟಿ
ಅವರು ಖಾಲಿ ಮಾಡಿದ ಮನೆ ಖಾಲಿ ಇರುತ್ತದಾ? ಅಲ್ಲಿಗೆ ಇನ್ನೊಬ್ಬರು ಬರುತ್ತಾರೆ. 2011ರ ಜನಗಣತಿಗೇ ಊರು ನಾಲ್ಕು ಲಕ್ಷ ದಾಟಿತ್ತು.

ಬುನಾದಿ
ಸಿವಿಲ್ ಕೆಲಸ ಮಾಡೋನು ನಾನು. ನೀರಿನ ಜೊತೆಗೆ ಮಣ್ಣಿನ ವಿಷಯವೂ ಇರಲಿ. ಬಳ್ಳಾರಿ ಸುತ್ತ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ಮೂರಡಿ ಪಾಯ ತೋಡಿ ಗೋಡೆ ಎಬ್ಬಿಸಿದರೆ ಎರಡನೇ ವರ್ಷವೇ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ನೆಲದೊಳಗೆ ಇಳಿಸಿ, ಬುಡದಲ್ಲಿ ಗಂಟು ಬಿಟ್ಟ ಹಾಗೆ ಅಗಲ ಮಾಡುವ ಕಾಂಕ್ರೀಟ್ ಕಂಬ, ಅಂಡರ್‌ರೀಮ್ಡ್ ಪೈಲ್ ಅಂತ ಇದೆ. ರೂರ್ಕಿಯ ಕಟ್ಟಡ ಸಂಶೋಧನೆಯ ಸಿಬಿಆರ್‌ಐ ಸಂಸ್ಥೆಯವರು ಇಂಥ ಮಣ್ಣಿಗೆ ಅಂತಲೇ ಅಭಿವೃದ್ಧಿ ಮಾಡಿದ್ದು. ಉಬ್ಬಿ ಕುಗ್ಗುವ ಪದರ ದಾಟಿ ಕೆಳಗೆ ಹೋಗಬೇಕು, ಸಾಮಾನ್ಯವಾಗಿ ಮೂರೂವರೆ ಮೀಟರ್ ತನಕ. ಆದರೆ ಖರ್ಚು ಏರುತ್ತದೆ. ಬಡವರಿಗೆ ಮನೆ ಅಂತ ಹೇಳಿ ಬರೀ ಸೈಟು ಕೈಗಿಟ್ಟರೆ, ಪಾಯದಲ್ಲೇ ಅವರ ದುಡ್ಡು ಮುಗಿಯುತ್ತದೆ.

ಕೌಲ್‌ಬಜಾರ್_ಹುಡುಗ
ಆ ಕಡೆ ಗಟ್ಟಿ ನೆಲ ಅಲ್ವಾ ಸಾರ್? ಕಂಟೋನ್ಮೆಂಟಿನ ಹಳೇ ಬಂಗಲೆಗಳು ಇನ್ನೂ ನಿಂತಿವೆಯಲ್ಲ.

ಬುನಾದಿ
ಬಂಗಲೆ ನಿಂತಿದೆ ಅಂತ ನೆಲ ಗಟ್ಟಿ ಅನ್ನೋಕಾಗಲ್ಲ ತಮ್ಮಾ. ಒಂದೇ ಹೊಲದಲ್ಲಿ ಈ ಬದುವಿಗೆ ಮೊರಂ, ಆ ಬದುವಿಗೆ ಎರೆ ಇರುತ್ತದೆ. ಅಲ್ಲಲ್ಲಿ ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಮಾತಾಡಬೇಕು.

ಕೇಂಬ್ರಿಜ್_ಬಳ್ಳಾರಿ
ನಾನು ಈಗ ಇಂಗ್ಲೆಂಡಿನಲ್ಲಿ ಇದ್ದೇನೆ. ಊರಿನ ಸುದ್ದಿ ಬಂತು ಅಂತ ಬಂದೆ. ಸೂರಿ ಅಣ್ಣ ಕೇಳಿದ ತರಹದ ಊರು ಕೇಂಬ್ರಿಜ್ ಹತ್ತಿರ ಒಂದಿದೆ, ನಾರ್ತ್‌ಸ್ಟೋ ಅಂತ. ಎರಡನೇ ಮಹಾಯುದ್ಧದ ಕಾಲದ ಓಕಿಂಗ್ಟನ್ ವಾಯುನೆಲೆ ಇದ್ದ ಜಾಗ. ಒಟ್ಟು 10,000 ಮನೆಗಳ ಯೋಜನೆ. ಮೊದಲ ಸಂಸಾರಗಳು ಬಂದದ್ದು 2017ರಲ್ಲಿ.

ಚೆನ್ನಾಗಿ ಮಾಡಿದ್ದು ಏನಂದರೆ, ಬಸ್ಸಿಗೇ ಅಂತ ಮೀಸಲಿಟ್ಟ ಪ್ರತ್ಯೇಕ ದಾರಿ 2011ರಲ್ಲೇ ಓಡಾಟಕ್ಕೆ ತೆರೆದಿತ್ತು. ಪ್ರಾಥಮಿಕ ಶಾಲೆಯೂ ಬೇಗ ಶುರುವಾಯಿತು. ಮಳೆ ನೀರು ನಿಲ್ಲೋಕೆ ಕೊಳಗಳನ್ನೂ ತೋಡಿದರು. ಕೆಟ್ಟದ್ದು ಅಂದರೆ ಅಂಗಡಿ. ಹಾಲು, ಬ್ರೆಡ್ಡು ತರೋಕೂ ಪಕ್ಕದ ಹಳ್ಳಿಗೆ ಹೋಗಬೇಕಿತ್ತು. ಕಾಫಿಗೆ ಒಂದು ಜಾಗ ಇರಲಿಲ್ಲ, ಡಾಕ್ಟರ್ ಕ್ಲಿನಿಕ್ ಇರಲಿಲ್ಲ. ಹೀಗೇ ವರ್ಷಗಳು ಹೋದವು. ಇಲ್ಲಿನ ಪತ್ರಿಕೆಗಳಲ್ಲಿ ಅದೇ ಮಾತು. ಮನೆ ಸಾವಿರ ದಾಟಿದರೂ ಊರು ಅನ್ನೋದು ಹುಟ್ಟಿಲ್ಲ ಅಂತ ಜನ ಗೊಣಗುತ್ತಿದ್ದರು.

ಕೌಲ್‌ಬಜಾರ್_ಹುಡುಗ
ನಮ್ಮಲ್ಲಿ ಆ ತೊಂದರೆ ಬರಲ್ಲ ಬಿಡಿ. ಮೊದಲ ಮನೆಗೆ ಪಾಯ ತೋಡುವ ದಿನವೇ ಎದುರಿಗೆ ಒಗ್ಗರಣೆ–ಮಿರ್ಚಿ ಗಾಡಿ ನಿಂತಿರುತ್ತದೆ.

ಗಾಂಧಿನಗರ_ಗೀತಾ
😂 ಅದಂತೂ ನಿಜ. ಅಂಗಡಿ ವಿಷಯದಲ್ಲಿ ಬಳ್ಳಾರಿಯೇ ಮುಂದೆ.

ನಕ್ಷೆ
ನಗುವ ಮಾತಲ್ಲ, ಇದರಲ್ಲಿ ದೊಡ್ಡ ಪಾಠ ಇದೆ. ನಾನು ನಗರ ಯೋಜನೆ ಓದಿದವಳು. ನಮ್ಮ ಬಡಾವಣೆಗಳ ನಕ್ಷೆಯಲ್ಲಿ ಗಾಡಿಯವರಿಗೆ ಅಂಗೈ ಅಗಲ ಜಾಗವನ್ನೂ ತೋರಿಸುವುದಿಲ್ಲ. ಆಮೇಲೆ ಅವರೇ ಒತ್ತುವರಿದಾರರು ಅಂತ ಎಬ್ಬಿಸುತ್ತಾರೆ.

ನಾರ್ತ್‌ಸ್ಟೋಗೆ ಪೂರ್ತಿ ಉಲ್ಟಾ ಉದಾಹರಣೆ ವಿಯೆನ್ನಾದ ಸೀಸ್ಟಾಡ್. ಆಸ್ಪರ್ನ್ ಅನ್ನೋ ವಿಮಾನ ನಿಲ್ದಾಣ 1977ರಲ್ಲಿ ಮುಚ್ಚಿತು. ಆ 240 ಹೆಕ್ಟೇರಿನಲ್ಲಿ ಈಗ ಪಟ್ಟಣ ಬೆಳೆಯುತ್ತಿದೆ. ಅವರು ಮೆಟ್ರೋ ರೈಲನ್ನು 2013ರ ಅಕ್ಟೋಬರಿನಲ್ಲೇ ಅಲ್ಲಿಗೆ ತಂದು ನಿಲ್ಲಿಸಿದರು. ಜನ ವಾಸಕ್ಕೆ ಬರಲು ಶುರು ಮಾಡಿದ್ದು 2014ರಲ್ಲಿ. ಸುತ್ತ ಬಯಲು, ಮಧ್ಯದಲ್ಲಿ ರೈಲು ಸ್ಟೇಷನ್ನು. ಮುಖ್ಯ ಬೀದಿಯ ಅಂಗಡಿಗಳನ್ನು ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ. ಔಷಧಿ ಅಂಗಡಿ, ಬೇಕರಿ, ದಿನಸಿ ಇರಲೇಬೇಕು ಅಂತ ಮೊದಲೇ ಠರಾಯಿಸಿ ಬಾಡಿಗೆಗೆ ಕೊಟ್ಟರು. ಬೀದಿಗಳಿಗೆ ಬಹುಪಾಲು ಹೆಣ್ಣುಮಕ್ಕಳ ಹೆಸರು ಇಟ್ಟಿದ್ದಾರೆ, ಅದು ನನಗೆ ಬಹಳ ಇಷ್ಟ.

ಪ್ಲಾಟ್_ಪರಮೇಶಿ
ಮೇಡಂ, ವಿಯೆನ್ನಾ ಎಲ್ಲಿ, ಬಳ್ಳಾರಿ ಎಲ್ಲಿ. ಇಲ್ಲಿಗೆ ಮೆಟ್ರೋ ತರ್ತೀರಾ?

ನಕ್ಷೆ
ಮೆಟ್ರೋ ಯಾರು ಕೇಳಿದರು ಸರ್? ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ ಓಡುವ ಒಂದು ಸಿಟಿ ಬಸ್ಸು ಕೇಳುತ್ತಿದ್ದೇನೆ. ಅದನ್ನು ಸೈಟು ಹಂಚುವ ಮೊದಲೇ ಶುರು ಮಾಡಿ. ಖಾಲಿ ಓಡಿದರೂ ಪರವಾಗಿಲ್ಲ.

ರಾಯಚೂರು_ರೇಖಾ
ಪಕ್ಕದ ಜಿಲ್ಲೆಯಿಂದ ಒಂದು ಮಾತು. ನಾವು ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಏಮ್ಸ್‌ಗೆ ಇನ್ನೊಂದು ಹೋರಾಟ. ನೀವು ಇರೋ ಏರೋಡ್ರಮ್ಮಿಗೇ ಸೈಟು ಹೊಡೆಯೋಕೆ ಕೂತಿದ್ದೀರಿ. ಒಮ್ಮೆ ಬಿಟ್ಟುಕೊಟ್ಟ ರನ್‌ವೇ ಮತ್ತೆ ಸಿಗಲ್ಲ ರೀ.

ಗಿಣಿಗೇರಾ_ಗೆಳೆಯ
ರೇಖಾ ಅಕ್ಕ ಹೇಳಿದ್ದು ಸರಿ. ನಮ್ಮ ಕೊಪ್ಪಳದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ, ಜನರಿಗೆ ವಿಮಾನ ಇಲ್ಲ. ನಿಮ್ಮ ತೋರಣಗಲ್ಲೂ ಖಾಸಗಿಯವರದೇ. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆ ಬಂದು 2017ರಲ್ಲಿ ಹೈದರಾಬಾದಿಗೆ ವಿಮಾನ ಶುರುವಾದ ಮೇಲೆ ನಮ್ಮಂಥವರು ಅಲ್ಲಿ ಕಾಲಿಟ್ಟದ್ದು. ಸರ್ಕಾರದ ಕೈಯಲ್ಲಿ ಒಂದಾದರೂ ಇರಲಿ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆಯಲ್ಲ, ಅಂಥದ್ದೊಂದು ಕಲ್ಯಾಣ ಕರ್ನಾಟಕಕ್ಕೆ ಬೇಡವಾ?

ಸುಧಾಕ್ರಾಸ್_ಸೂರಿ
ಪೈಲಟ್ ಶಾಲೆ! ಇದು ನನಗೆ ಹೊಳೆದೇ ಇರಲಿಲ್ಲ. ಸುತ್ತ ಮನೆ ತುಂಬಿದ ಮೇಲೆ ತರಬೇತಿ ವಿಮಾನ ಹಾರಿಸೋದು ಕ್ಷೇಮವಾ ಅನ್ನೋದು ಬೇರೆ ಪ್ರಶ್ನೆ.

ಎರೆಹೊಲ
ನೀವೆಲ್ಲ ಜಾಗ ಖಾಲಿಯಾದ ಮೇಲಿನ ಮಾತು ಆಡುತ್ತಿದ್ದೀರಿ. ಅದಕ್ಕೂ ಮೊದಲು ಹೊಸ ನಿಲ್ದಾಣಕ್ಕೆ ಭೂಮಿ ಕೊಟ್ಟವರು ಇದ್ದಾರೆ, ನೆನಪಿದೆಯಾ? ಚಾಗನೂರು, ಸಿರಿವಾರದ ಹೊಲಗಳು ನೀರಾವರಿ ಹೊಲಗಳು. ಮೆಣಸಿನಕಾಯಿ, ಹತ್ತಿ ಬೆಳೆಯೋ ಭೂಮಿ. ರೈತರು ಬೇಡ ಅಂದರೂ ನೂರಾರು ಎಕರೆ ಹೋಯಿತು. ಅಲ್ಲಿ ಇನ್ನೂ ವಿಮಾನ ಇಳಿದಿಲ್ಲ.

ಕುಡಿತಿನಿ ಕಡೆಯದು ಇನ್ನೊಂದು ಕಥೆ. 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆ ಬರುತ್ತದೆ, ಮಕ್ಕಳಿಗೆ ಕೆಲಸ ಸಿಗುತ್ತದೆ ಅಂತ ಸಾವಿರಾರು ಎಕರೆ ತೆಗೆದುಕೊಂಡರು. ಕಾರ್ಖಾನೆ ಬರಲಿಲ್ಲ. ಜನ ಧರಣಿ ಕೂತರು. ಕೇಳೋದು ಎರಡೇ ಮಾತು: ಸರಿಯಾದ ಬೆಲೆ ಕೊಡಿ, ಇಲ್ಲಾ ಭೂಮಿ ವಾಪಸ್ ಕೊಡಿ.

ಈಗ ಅತ್ತ ರೈತನ ಹೊಲ ನಿಲ್ದಾಣಕ್ಕೆ, ಇತ್ತ ಹಳೇ ನಿಲ್ದಾಣ ಸೈಟಿಗೆ. ಮಧ್ಯದಲ್ಲಿ ಗೆದ್ದವರು ಯಾರು ಅಂತ ನೋಡಿ.

ಪ್ಲಾಟ್_ಪರಮೇಶಿ
ಎಲ್ಲದಕ್ಕೂ ನಮ್ಮ ಕಡೆ ಬೆರಳು ತೋರಿಸೋದು ಬಿಡಿ ಅಣ್ಣಾ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಹಳ್ಳಿ ಭೂಮಿಗೆ ಒಳ್ಳೇ ರೇಟೇ ಸಿಗುತ್ತದೆ. ಮಾರುಕಟ್ಟೆ ಬೆಲೆಗೆ ಎರಡು ಪಟ್ಟಿನ ತನಕ ಗುಣಿಸಿ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ. ಐದು ವರ್ಷ ಬಳಸದೆ ಬಿಟ್ಟರೆ ಮಾಲೀಕರಿಗೆ ವಾಪಸ್.

ಎರೆಹೊಲ
ಪೂರ್ತಿ ಓದಿ. 101ನೇ ಕಲಂನಲ್ಲಿ 'ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಲ್ಯಾಂಡ್ ಬ್ಯಾಂಕಿಗೆ' ಅಂತ ಇದೆ. ಆ 'ಅಥವಾ'ದಲ್ಲೇ ರೈತ ಬಿದ್ದುಹೋಗುತ್ತಾನೆ. ಕೈಗಾರಿಕೆಗಳಿಗೆ ಜಾಗ ಒದಗಿಸುವ ರಾಜ್ಯದ ಮಂಡಳಿ ಕೆಐಎಡಿಬಿ ಭೂಮಿ ತೆಗೆದುಕೊಳ್ಳೋದು 1966ರ ಬೇರೆ ಕಾಯ್ದೆಯಲ್ಲಿ. ಮಾರುಕಟ್ಟೆ ಬೆಲೆ ಅಂತೀರಲ್ಲ, ಅದನ್ನು ನೋಂದಣಿ ಕಾಗದದ ಬೆಲೆ ನೋಡಿ ಹಿಡಿಯುತ್ತಾರೆ. ಕಾಗದದಲ್ಲಿ ಯಾರು ನಿಜ ಬೆಲೆ ಬರೆಸಿದ್ದಾರೆ ಹೇಳಿ, ನಿಮ್ಮ ವ್ಯವಹಾರದಲ್ಲಿ?

ಪ್ಲಾಟ್_ಪರಮೇಶಿ
…ಅದು ಬೇರೆ ವಿಷಯ.

ಕೌಲ್‌ಬಜಾರ್_ಹುಡುಗ
ವಿಕೆಟ್ 🏏

ಮಾಸ್ತರು_ಬ್ರೂಸ್‌ಪೇಟೆ
ಬಳ್ಳಾರಿಯಲ್ಲಿ ಯೋಜನೆ ಮಾಡುವವರು ಸ್ವಲ್ಪ ಹುಷಾರಾಗಿ ಇರಬೇಕು ಮಕ್ಕಳೇ. ನಮ್ಮ ಗುಡ್ಡದ ಕೋಟೆಯನ್ನು ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರಿನಿಂದ ಮತ್ತೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಹೋಯಿತು. ಸಿಟ್ಟು ಬಂದು ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಅಂತ ಕಥೆ. ಅವನ ಗೋರಿ ಅಂತ ಒಂದನ್ನು ತೋರಿಸುತ್ತಾರೆ ಕೂಡ.

ಬುನಾದಿ
ಮಾಸ್ತರೇ, ನಮ್ಮ ವೃತ್ತಿಯವರ ಎದೆಯೊಡೆಯುವ ಕಥೆ ಇದು 🙏 ಸೈಟ್ ಸರ್ವೇ ಮಾಡದೆ ಕೆಲಸ ಶುರು ಮಾಡಿದರೆ ಹೀಗೇ.

ಜೀನ್ಸ್_ಅಂಗಡಿ
ಈಗಿನ ಕಾಲದಲ್ಲಿ ಆದರೆ ಟೆಂಡರ್ ಮತ್ತೆ ಕರೆಯುತ್ತಿದ್ದರು ಅಷ್ಟೆ.

ಗಾಂಧಿನಗರ_ಗೀತಾ
ನನ್ನದೊಂದು ಪ್ರಶ್ನೆ. ಮನೆ ಯಾಕೆ ಕಟ್ಟಬೇಕು? ಊರಲ್ಲಿ ಮಕ್ಕಳು ಓಡೋಕೆ ಬಯಲು ಎಲ್ಲಿದೆ? ಅದನ್ನು ಹಾಗೇ ಬಿಟ್ಟು ಸುತ್ತ ಬೇವು, ಹೊಂಗೆ ಹಚ್ಚಬಾರದಾ? ಏಪ್ರಿಲ್ ಬಿಸಿಲಿಗೆ ಊರು ಕಾದ ಹಂಚು ಆಗುತ್ತದೆ.

ನಕ್ಷೆ
ಬರ್ಲಿನ್ ಜನ ಅದನ್ನೇ ಮಾಡಿದರು ಗೀತಕ್ಕ. ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. 2010ರಲ್ಲಿ ಉದ್ಯಾನ ಅಂತ ತೆರೆದರು. ಜನ ರನ್‌ವೇ ಮೇಲೆ ಸೈಕಲ್ ಹೊಡೆಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ನಗರ ಸರ್ಕಾರ ಅಂಚಿನಲ್ಲಿ ಸುಮಾರು 4,700 ಮನೆ ಕಟ್ಟುತ್ತೇವೆ, ಮಧ್ಯದ ಬಯಲು ಬಿಡುತ್ತೇವೆ ಅಂತು. ಜನ ನಂಬಲಿಲ್ಲ. 2014ರ ಮೇ ತಿಂಗಳಲ್ಲಿ ಮತ ಹಾಕಿ ಒಂದೂ ಮನೆ ಬೇಡ ಅಂದರು. ಮತ ಹಾಕಿದ ಮೂವರಲ್ಲಿ ಹೆಚ್ಚು ಕಡಿಮೆ ಇಬ್ಬರು ಬೇಡ ಅನ್ನೋ ಕಡೆಗೇ.

ಆದರೆ ಅದಾದ ಮೇಲೆ ಬರ್ಲಿನ್ ಬಾಡಿಗೆ ಬಹಳ ಏರಿತು. ಈಗ ಅಲ್ಲಿ ಮನೆ ಕಟ್ಟಬೇಕಿತ್ತು ಅನ್ನೋ ಮಾತು ಮತ್ತೆ ಮತ್ತೆ ಏಳುತ್ತದೆ. ನನ್ನ ಓಟು ಅಂಚಿನ ಮನೆಗಳ ಕಡೆಗೆ. ಬಯಲು ಬೇಕು ಅನ್ನೋದು ಸರಿ, ಆದರೆ ಬಾಡಿಗೆ ಕಟ್ಟುವವರು ಬಯಲಲ್ಲಿ ಮಲಗೋಕೆ ಆಗಲ್ಲ.

ಕೇಂಬ್ರಿಜ್_ಬಳ್ಳಾರಿ
ಅಮೆರಿಕದ ಡೆನ್ವರಿನಲ್ಲಿ ಸ್ಟೇಪಲ್‌ಟನ್ ನಿಲ್ದಾಣ 1995ರಲ್ಲಿ ಮುಚ್ಚಿತು, 4,700 ಎಕರೆ. ಅದರ ರನ್‌ವೇ ಕಾಂಕ್ರೀಟನ್ನು ಅಲ್ಲೇ ಪುಡಿ ಮಾಡಿ ರಸ್ತೆ ಕೆಲಸಗಳಿಗೆ ಬಳಸಿದರು. ಕಂಟ್ರೋಲ್ ಟವರ್ ಕೆಡವಲಿಲ್ಲ, ಆಮೇಲೆ ಅದರ ಬುಡದಲ್ಲಿ ಹೋಟೆಲ್ ಬಂತು. 2020ರಲ್ಲಿ ಬಡಾವಣೆಯ ಹೆಸರನ್ನೇ ಬದಲಾಯಿಸಿದರು. ಸ್ಟೇಪಲ್‌ಟನ್ ಅನ್ನೋ ಹಳೇ ಮೇಯರ್ ಕು ಕ್ಲಕ್ಸ್ ಕ್ಲ್ಯಾನ್ ಅನ್ನೋ ಬಿಳಿಯರ ಜನಾಂಗದ್ವೇಷಿ ಗುಂಪಿನ ಸದಸ್ಯ ಆಗಿದ್ದ ಅಂತ.

ಜೀನ್ಸ್_ಅಂಗಡಿ
ನಮ್ಮ ಬಡಾವಣೆಗೆ ಯಾರ ಹೆಸರು ಇಡೋದು? ಇದರ ಮೇಲೆ ಈ ಕಟ್ಟೆ ಹೊತ್ತಿ ಉರಿಯುತ್ತದೆ ನೋಡಿ.

ಕಟ್ಟೆ_ಕಾವಲುಗಾರ
ಹೆಸರಿನ ಚರ್ಚೆ ಇಲ್ಲಿ ಬೇಡ. ಹೋದ ಸಲ ಆದದ್ದು ಸಾಕು. ಶುರು ಮಾಡಿದರೆ ಅಳಿಸುತ್ತೇನೆ.

ಬುನಾದಿ
ಕಾಂಕ್ರೀಟ್ ಪುಡಿ ಮಾಡೋದು ನಮ್ಮಲ್ಲೂ ಆಗುವ ಕೆಲಸ. ಜಲ್ಲಿಗೆ ಅಂತ ಸುತ್ತಲ ಗುಡ್ಡ ಒಡೆಯೋದು ಅಷ್ಟಾದರೂ ಕಡಿಮೆಯಾಗುತ್ತದೆ. ಸಂಗನಕಲ್ಲು ಗುಡ್ಡದಂಥ ನವಶಿಲಾಯುಗದ ಜಾಗಗಳ ಹತ್ತಿರವೂ ಕ್ವಾರಿ ಸದ್ದು ಕೇಳುವ ಊರು ನಮ್ಮದು.

ಇನ್ನೂ ಎರಡು ಮಾತು. ವಿಮಾನ ಇಂಧನ ಇಟ್ಟ ಜಾಗ, ಬೆಂಕಿ ಆರಿಸುವ ನೊರೆ ಬಳಸಿದ ಜಾಗ ಎಲ್ಲಿ ಅಂತ ಹುಡುಕಬೇಕು. ಆ ನೊರೆಯ ಕೆಲವು ರಾಸಾಯನಿಕ ಮಣ್ಣಿಗೆ ಇಳಿದರೆ ಸುಲಭಕ್ಕೆ ಹೋಗಲ್ಲ, ಬೋರಿನ ನೀರಿಗೆ ಸೇರುತ್ತದೆ. ನಮ್ಮದು ಚಿಕ್ಕ ನಿಲ್ದಾಣ, ಅಷ್ಟೇನೂ ಇರಲಿಕ್ಕಿಲ್ಲ. ಆದರೂ ನೋಡದೆ ಶಾಲೆ ಕಟ್ಟಬಾರದು. ಎರಡನೆಯದು ಮಳೆ. ಏರೋಡ್ರಮ್ ಅಂದರೆ ಚಪ್ಪಟೆ ನೆಲ. ಈಗ ಬಿದ್ದ ಮಳೆ ಹುಲ್ಲಲ್ಲಿ ಹರಡಿ ಇಂಗುತ್ತದೆ. ಎರಡು ಸಾವಿರ ಮನೆ, ಸಿಮೆಂಟ್ ರಸ್ತೆ ಬಂದ ಮೇಲೆ ಅದೇ ಮಳೆ ಒಂದೇ ಗಂಟೆಯಲ್ಲಿ ಪಕ್ಕದ ತಗ್ಗು ಬಡಾವಣೆಗೆ ನುಗ್ಗುತ್ತದೆ. ಅಲ್ಲಿ ಇರೋರು ಯಾರು? ಕೂಲಿ ಮಾಡಿ ಬದುಕುವವರು. ನಾರ್ತ್‌ಸ್ಟೋದವರು ಕೊಳ ತೋಡಿದ್ದು ಅದಕ್ಕೇ.

ಮಾಸ್ತರು_ಬ್ರೂಸ್‌ಪೇಟೆ
ರನ್‌ವೇಯನ್ನು ಗಾಳಿಯ ದಿಕ್ಕು ನೋಡಿಯೇ ಹಾಕಿರುತ್ತಾರೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಇಳಿಯಬೇಕು. ಬಡಾವಣೆಯ ಮುಖ್ಯ ರಸ್ತೆಯನ್ನು ಅದೇ ಗುರುತಿನ ಮೇಲೆ ಬಿಟ್ಟರೆ ಗಾಳಿ ಊರೊಳಗೆ ಸರಾಗ ಓಡಾಡುತ್ತದೆ. ಸೆಕೆಗಾಲದಲ್ಲಿ ಅದೇನು ಕಡಿಮೆ ಲಾಭವೇ?

ನಕ್ಷೆ
ಮಾಸ್ತರೇ, ಇದನ್ನು ನನಗೆ ಐದು ವರ್ಷದ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ! ಆ ರಸ್ತೆಯ ಎರಡೂ ಬದಿ ಮರ ಇದ್ದರೆ ಇನ್ನೂ ಚೆಂದ.

ಎರೆಹೊಲ
ಗಾಳಿ ಜೊತೆಗೆ ದೂಳೂ ಬರುತ್ತದೆ, ನೆನಪಿರಲಿ.

ಪ್ಲಾಟ್_ಪರಮೇಶಿ
ನೀವೆಲ್ಲ ಸೇರಿ ಚಂದದ ಚಿತ್ರ ಬರೆಯುತ್ತಿದ್ದೀರಿ. ದುಡ್ಡು ಯಾರು ಹಾಕುತ್ತಾರೆ? ಸೈಟು ಮಾರಿದ ದುಡ್ಡಿನಲ್ಲೇ ರಸ್ತೆ, ಚರಂಡಿ, ಲೈಟು ಆಗಬೇಕು. ಅದು ಎಲ್ಲಾ ಊರಿನ ಪದ್ಧತಿ. ಮತ್ತೆ ಬಳ್ಳಾರಿಯವರಿಗೆ ಫ್ಲಾಟ್ ರುಚಿಸಲ್ಲ. ಸ್ವಂತ ಸೈಟು, ಸ್ವಂತ ಗೇಟು, ಮುಂದೆ ಒಂದು ತುಳಸಿ ಕಟ್ಟೆ, ಮೇಲೊಂದು ಕರಿ ಟ್ಯಾಂಕು. ಇದು ಬೇಕು ಜನಕ್ಕೆ.

ಜೀನ್ಸ್_ಅಂಗಡಿ
ಪರಮೇಶಿ ಅಣ್ಣನ ಈ ಮಾತು ಒಪ್ಪುತ್ತೇನೆ. ನನ್ನ ಅಂಗಡಿ ಹುಡುಗರಿಗೆ ಕೇಳಿ, ಫ್ಲಾಟ್ ಅಂದರೆ ಮೂಗು ಮುರಿಯುತ್ತಾರೆ. ಆದರೆ ಇನ್ನೊಂದು ನೋಡಿ. ಹೊಲಿಗೆ ಕೆಲಸದವರು, ಬಟನ್ ಹಾಕೋರು, ವಾಷಿಂಗಿನಲ್ಲಿ ನಿಲ್ಲೋರು, ಇವರಲ್ಲಿ ಎಷ್ಟು ಜನಕ್ಕೆ ಊರೊಳಗೆ 1,200 ಚದರಡಿ ಸೈಟು ಕೊಳ್ಳೋ ಶಕ್ತಿ ಇದೆ? ಅವರಿಗೆ ಸಿಗೋದು ಊರಾಚೆ ಆಶ್ರಯ ಮನೆ. ಅಲ್ಲಿಂದ ಕೆಲಸಕ್ಕೆ ಬರೋಕೆ ಆಟೋಗೇ ಅರ್ಧ ಕೂಲಿ.

ನಕ್ಷೆ
ಅದಕ್ಕೇ ಹೇಳೋದು, ಜಾಗ ಸಾರ್ವಜನಿಕರದು ಆಗಿದ್ದರೆ ಷರತ್ತು ಹಾಕುವ ಶಕ್ತಿ ನಮ್ಮ ಕೈಯಲ್ಲಿ ಇರುತ್ತದೆ. ಟೆಕ್ಸಸ್‌ನ ಆಸ್ಟಿನ್ ಊರಿನಲ್ಲಿ ಮ್ಯುಲ್ಲರ್ ಅನ್ನೋ ನಿಲ್ದಾಣ 1999ರಲ್ಲಿ ಮುಚ್ಚಿತು, ಸುಮಾರು 700 ಎಕರೆ. ನಗರದ್ದೇ ಜಾಗ. ಕಟ್ಟುವವರ ಜೊತೆ ಒಪ್ಪಂದ ಮಾಡುವಾಗಲೇ ನಾಲ್ಕರಲ್ಲಿ ಒಂದು ಮನೆ ಕಡಿಮೆ ಆದಾಯದವರಿಗೆ ಕೈಗೆಟಕುವ ಬೆಲೆಗೆ ಅಂತ ಬರೆಸಿಕೊಂಡರು. ಅವೂ ಬೇರೆ ಮೂಲೆಯಲ್ಲಿ ಅಲ್ಲ, ಉಳಿದ ಮನೆಗಳ ಮಧ್ಯೆಯೇ.

ನಮ್ಮಲ್ಲಿ ಏನಾಗುತ್ತದೆ? ಲಾಟರಿಯಲ್ಲಿ ಸೈಟು ಸಿಕ್ಕವರು ಕಟ್ಟೋದೇ ಇಲ್ಲ. ಬೆಲೆ ಏರಲಿ ಅಂತ ಕಾಯುತ್ತಾರೆ. ಹತ್ತು ವರ್ಷ ಆದರೂ ಬೀದಿಗೆ ಮೂರು ಮನೆ, ಉಳಿದದ್ದೆಲ್ಲ ಬಳ್ಳಾರಿ ಜಾಲಿ. ಆ ಮೂರು ಮನೆಯವರಿಗೆ ಬಸ್ಸೂ ಬರಲ್ಲ, ಹಾಲಿನವನೂ ಬರಲ್ಲ.

ಗಾಂಧಿನಗರ_ಗೀತಾ
ನಮ್ಮ ಅಣ್ಣನದು ಇದೇ ಗತಿ. ಹೊರವಲಯದಲ್ಲಿ ಸೈಟು ಕೊಂಡ. ಬ್ರೋಷರಿನಲ್ಲಿ ಪಾರ್ಕು, ಕಾರಂಜಿ, ಕಮಾನು ಎಲ್ಲ ಇತ್ತು. ಈಗ ಅಲ್ಲಿ ಕಮಾನು ಮಾತ್ರ ಇದೆ. ಪಾರ್ಕು ಅಂತ ತೋರಿಸಿದ ಜಾಗವನ್ನೂ ಸೈಟು ಮಾಡಿ ಮಾರಿದ್ದಾರೆ. ಯಾರು ಅಂತ ಹೆಸರು ಬೇಡ.

ಎರೆಹೊಲ
ಪಾರ್ಕು ಅಂತ ಮಂಜೂರಾದ ಜಾಗವನ್ನು ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ. ಉದ್ಯಾನ, ಆಟದ ಬಯಲು ಉಳಿಸೋಕೆ ಅಂತಲೇ 1985ರ ರಾಜ್ಯ ಕಾಯ್ದೆ ಇದೆ. ಮಂಜೂರಾದ ನಕ್ಷೆಯ ನಕಲು ತೆಗೆಸಿ ದೂರು ಕೊಡೋಕೆ ಹೇಳಿ. ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದ್ದರೆ ಅಲ್ಲೂ ಕೊಡಬಹುದು.

ಗಾಂಧಿನಗರ_ಗೀತಾ
ಹೇಳುತ್ತೇನೆ ಅಣ್ಣಾ, ಥ್ಯಾಂಕ್ಸ್. (ನೀರು ಬಂತು! ಬರುತ್ತೇನೆ ಇರಿ.)

ನೀರಗಂಟಿ
ಗೀತಕ್ಕ ಸಂಪು ತುಂಬಿಸಿ ಬರಲಿ, ಅಷ್ಟರಲ್ಲಿ ನನ್ನ ಮಾತು ಮುಗಿಸುತ್ತೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆ ಉಸಿರು ಹಿಡಿದುಕೊಂಡಿತ್ತು. ಅದು ಬಿಡಿ, ಹೂಳಿನ ಕಥೆ ನೋಡಿ. 1953ರಲ್ಲಿ ಡ್ಯಾಮು ಆದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಪಾತ್ರೆ ಚಿಕ್ಕದಾಗುತ್ತಿದೆ, ಊಟಕ್ಕೆ ಕೂರುವವರು ಜಾಸ್ತಿ ಆಗುತ್ತಿದ್ದಾರೆ.

ಹಾಗಂತ ಮನೆ ಬೇಡ ಅನ್ನುತ್ತಿಲ್ಲ. ನನ್ನ ಷರತ್ತು ಇಷ್ಟೇ. ಆ ಬಡಾವಣೆಯ ಪಾಲಿನ ನೀರಿಗೆ ಮೊದಲು ಕೆರೆಯಲ್ಲಿ ಜಾಗ ಮಾಡಿ. ಬಚ್ಚಲು ನೀರು ಶುದ್ಧ ಮಾಡಿ ಮರಕ್ಕೆ, ಶೌಚಕ್ಕೆ ಬಳಸೋಕೆ ಎರಡನೇ ಪೈಪು ಹಾಕಿ. ರಸ್ತೆ ಹಾಕುವ ಮೊದಲೇ ಹಾಕಿದರೆ ಅಗ್ಗ, ಆಮೇಲೆ ಅಗೆದರೆ ದುಬಾರಿ. ಖಾಲಿ ಬಯಲಲ್ಲಿ ಹೊಸದಾಗಿ ಕಟ್ಟುವುದರ ಲಾಭ ಇರೋದೇ ಇಲ್ಲಿ.

ಕೇಂಬ್ರಿಜ್_ಬಳ್ಳಾರಿ
ಪೈಪು ಹಾಕುವಾಗಲೂ ಕಣ್ಣಿಟ್ಟಿರಬೇಕು ಅಣ್ಣಾ. ಹಾಂಗ್‌ಕಾಂಗಿನ ಹಳೇ ಕೈ ತಕ್ ನಿಲ್ದಾಣ 1998ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಕಟ್ಟಿದ ಹೊಚ್ಚ ಹೊಸ ಸರ್ಕಾರಿ ವಸತಿಯಲ್ಲಿ 2015ರಲ್ಲಿ ಕುಡಿಯುವ ನೀರಿನಲ್ಲಿ ಸೀಸ ಸಿಕ್ಕಿತು. ಪೈಪಿನ ಬೆಸುಗೆಯಲ್ಲಿ ಸೀಸ ಇತ್ತು. ದೊಡ್ಡ ಗಲಾಟೆ ಆಗಿ ಬೇರೆ ವಸತಿಗಳನ್ನೂ ಪರೀಕ್ಷೆ ಮಾಡಿದರು.

ಪ್ಲಾಟ್_ಪರಮೇಶಿ
ಸರಿ, ಒಂದು ಮಾತು ಬಿಡುತ್ತೇನೆ. ಎಲ್ಲವನ್ನೂ ಒಂದೇ ಸಲ ಮಾರೋದು ಬೇಡ. ಹಂತ ಹಂತವಾಗಿ ಬಿಡಲಿ. ಮೊದಲ ಹಂತಕ್ಕೆ ನೀರು, ಬಸ್ಸು ಬಂದು ಜನ ಕೂತ ಮೇಲೆ ಎರಡನೆಯದಕ್ಕೆ ತಾನಾಗಿಯೇ ಬೆಲೆ ಏರುತ್ತದೆ. ಇದರಲ್ಲಿ ಸರ್ಕಾರಕ್ಕೂ ಜಾಸ್ತಿ ದುಡ್ಡು. ಫ್ಲಾಟ್ ಮಾತ್ರ ನಾನು ಒಪ್ಪಲ್ಲ.

ನಕ್ಷೆ
ನೆಲಮಹಡಿ ಮೇಲೆ ಎರಡು ಮಹಡಿ, ಒಂದೊಂದರಲ್ಲಿ ಒಂದು ಸಂಸಾರ, ಮಧ್ಯೆ ಒಂದು ಅಂಗಳ. ಅದಕ್ಕೂ ಒಪ್ಪಲ್ವಾ?

ಪ್ಲಾಟ್_ಪರಮೇಶಿ
ಕರಿ ಟ್ಯಾಂಕು ಪ್ರತಿಯೊಬ್ಬರಿಗೂ ಬೇರೆ ಬೇರೆ ಇದ್ದರೆ ಯೋಚಿಸುತ್ತೇನೆ.

ಸುಧಾಕ್ರಾಸ್_ಸೂರಿ
ಇಷ್ಟು ಮಾತು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮುಂದೆ ಏನು ಮಾಡೋಣ? ಯಾರಾದರೂ ಇದನ್ನು ಬರೆದು ನಮ್ಮ ನಗರಾಭಿವೃದ್ಧಿ ಪ್ರಾಧಿಕಾರ ಬುಡಾಕ್ಕೆ ಕೊಡಬಹುದಾ?

ಎರೆಹೊಲ
ಬುಡಾಕ್ಕೆ ಆಮೇಲೆ. ಮೊದಲು ಆ ಜಾಗದ ಪಹಣಿಯಲ್ಲಿ ಯಾರ ಹೆಸರಿದೆ ತೆಗೆಸಿ. ಕಂದಾಯ ಇಲಾಖೆಯದಾ, ರಕ್ಷಣಾ ಇಲಾಖೆಯದಾ, ವಿಮಾನ ನಿಲ್ದಾಣ ಪ್ರಾಧಿಕಾರದ್ದಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮಾಸ್ಟರ್ ಪ್ಲಾನಿನಲ್ಲಿ ಅದಕ್ಕೆ ಯಾವ ಬಣ್ಣ ಬಳಿದಿದ್ದಾರೆ ಅನ್ನೋದೂ ಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು.

ಬುನಾದಿ
ಸರ್ವೆ ನಂಬರ್ ಹಾಕದೆ ಕೇಳಿದರೆ 'ಲಭ್ಯವಿಲ್ಲ' ಅಂತ ಒಂದು ಸಾಲು ಬರುತ್ತದೆ ಅಷ್ಟೆ. ದಿಶಾಂಕ್ ಆ್ಯಪಿನಲ್ಲಿ ಆ ಜಾಗದ ಮೇಲೆ ಒತ್ತಿದರೆ ನಂಬರ್ ಸಿಗುತ್ತದೆ. ನಾಳೆ ಆ ಕಡೆ ಸೈಟ್ ಕೆಲಸ ಇದೆ, ನೋಡಿ ಇಲ್ಲೇ ಹಾಕುತ್ತೇನೆ.

ಸುಧಾಕ್ರಾಸ್_ಸೂರಿ
ಅರ್ಜಿಯನ್ನು ನನ್ನ ಹೆಸರಲ್ಲೇ ಹಾಕುತ್ತೇನೆ. ಕರಡು ಮಾಸ್ತರು ಬರೆದುಕೊಡಲಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ.

ಮಾಸ್ತರು_ಬ್ರೂಸ್‌ಪೇಟೆ
150 ಪದದಲ್ಲಿ ನನ್ನ ಪೀಠಿಕೆಯೇ ಮುಗಿಯುವುದಿಲ್ಲ. ನಕ್ಷೆಯವರು ಬರೆಯಲಿ, ನಾನು ಕಾಗುಣಿತ ತಿದ್ದುತ್ತೇನೆ.

ನಕ್ಷೆ
ಸರಿ ಮಾಸ್ತರೇ. ಪಹಣಿಗೆ ಒಂದು, ಮಾಸ್ಟರ್ ಪ್ಲಾನಿಗೆ ಒಂದು, ಎರಡು ಅರ್ಜಿ ಆಗುತ್ತದೆ. ಸೂರಿ ಅಣ್ಣಾ, ಎರಡು ಪೋಸ್ಟಲ್ ಆರ್ಡರ್ ತಂದಿಡಿ.